ಕಾಣಿಕೆ, ಕಂದಾಯ ಮತ್ತು ಲೆಕ್ಕದ ಋಣ

ಸಾರ್ವಜನಿಕ ಹಣಕ್ಕೆ ಲೆಕ್ಕ ಕೊಡಬೇಕೆಂದು ಕಾನೂನು ಹೇಳುತ್ತದೆ. ಕಾನೂನು ಹೇಳದಿದ್ದರೂ ಆ ಹೊಣೆ ಇರುತ್ತದೆಯೇ, ಇದ್ದರೆ ಅದರ ಮೂಲ ಯಾವುದು ಎಂಬುದು ಧರ್ಮಜಿಜ್ಞಾಸೆಯ ಪ್ರಶ್ನೆ. ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ರಾವಂದೂರಿನಂಥ ಊರಿನಲ್ಲಿ ಊರೊಟ್ಟಿನ ಕೆಲಸಕ್ಕೆಂದು ಜನರ ಹಣ ಎರಡು ದಾರಿಯಲ್ಲಿ ಹೋಗುತ್ತದೆ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನಿಗೋ ಊರದೇವತೆಗೋ ಹಾಕುವ ಕಾಣಿಕೆ ಒಂದು. ಪಂಚಾಯಿತಿಗೂ ಸರ್ಕಾರಕ್ಕೂ ಕಟ್ಟುವ ಕಂದಾಯ, ತೆರಿಗೆ ಇನ್ನೊಂದು. ಕಾಣಿಕೆ ಹಾಕದವರನ್ನು ಯಾರೂ ಏಕೆಂದು ಕೇಳುವುದಿಲ್ಲ. ಕಂದಾಯ ಕಟ್ಟದಿದ್ದರೆ ನೋಟಿಸು ಬರುತ್ತದೆ. ಭಕ್ತಿಯಿಂದ ಬಂದ ಹಣಕ್ಕೇ ಲೆಕ್ಕ ಬೇಕೆನ್ನುವುದಾದರೆ, ಅಧಿಕಾರದ ಬಲದಿಂದ ಪಡೆದ ಹಣಕ್ಕೆ ಅದಕ್ಕಿಂತ ಹೆಚ್ಚಿನ ಲೆಕ್ಕ ಸಲ್ಲಬೇಕು.

ಈ ವಿಚಾರದಲ್ಲಿ ಭಾರತೀಯ ಚಿಂತನೆಯಲ್ಲಿ ಎರಡು ಧಾರೆಗಳಿವೆ. ಕೌಟಿಲ್ಯನ ಅರ್ಥಶಾಸ್ತ್ರ ಬೊಕ್ಕಸದ ಹಣ ನುಂಗುವ ನಲವತ್ತು ಬಗೆಗಳನ್ನು ಎಣಿಸಿ ಹೇಳುತ್ತದೆ. ಅಲ್ಲಿ ಬೊಕ್ಕಸ ರಾಜನದು. ಅಧಿಕಾರಿ ಲೆಕ್ಕ ಒಪ್ಪಿಸಬೇಕಾದದ್ದು ರಾಜನಿಗೆ. ತೆರಿಗೆ ಕೊಟ್ಟ ಪ್ರಜೆ ಆ ಲೆಕ್ಕದ ಹೊರಗೇ ಉಳಿಯುತ್ತಾನೆ. 12ನೇ ಶತಮಾನದ ಕಲ್ಯಾಣದಲ್ಲಿ ಬೇರೆ ದೃಷ್ಟಿ ಕಾಣುತ್ತದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ದೂರು ಹೋಯಿತು, ಭಂಡಾರ ತೆರೆದು ಎಣಿಸಿದಾಗ ಲೆಕ್ಕ ಸರಿಯಾಗಿತ್ತು ಎಂದು ಪುರಾಣಗಳು ಹೇಳುತ್ತವೆ. ಇದರಲ್ಲಿ ಪವಾಡದ ಅಂಶವನ್ನು ಬದಿಗಿಟ್ಟರೂ ಒಂದು ನೀತಿ ಉಳಿಯುತ್ತದೆ: ಎಷ್ಟೇ ದೊಡ್ಡ ಭಕ್ತನಾದರೂ ಭಂಡಾರದ ಕೀಲಿ ಹಿಡಿದವನು ತಪಾಸಣೆಗೆ ಹೊರತಲ್ಲ. ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ ಮರಳಿ ಸುರಿದು ಬರಲು ಕಳಿಸಿದ ಕಥೆ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಅರಸನೂ ಇಲ್ಲ, ಲೆಕ್ಕಿಗನೂ ಇಲ್ಲ. ಹೆಚ್ಚಾದದ್ದು ತನ್ನದಲ್ಲ ಎಂಬ ಅರಿವೇ ಲೆಕ್ಕ ಕೇಳುತ್ತದೆ.

ಇಂದು ಈ ಪ್ರಶ್ನೆ ಹಳ್ಳಿಯ ಮಟ್ಟದಲ್ಲಿ ನೇರವಾಗಿ ಎದುರಾಗುವುದು ಗ್ರಾಮ ಪಂಚಾಯಿತಿಯಲ್ಲಿ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಕಟ್ಟಡ ಮತ್ತು ನಿವೇಶನಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ನೀರಿನ ಕಂದಾಯ, ಸಂತೆ ಶುಲ್ಕ, ಜಾಹೀರಾತು ಫಲಕಗಳ ತೆರಿಗೆಗೂ ಅವಕಾಶವಿದೆ. ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವೂ ಸೇರುತ್ತದೆ. ಈ ಹಣ ಕೊಟ್ಟವರಿಗೆ ಕೊಟ್ಟ ನೆನಪಿರುತ್ತದೆ. ಬಿಲ್ ಕಲೆಕ್ಟರ್ ಬರೆದುಕೊಟ್ಟ ರಸೀದಿ ಮನೆಯಲ್ಲಿರುತ್ತದೆ. ಬೀದಿದೀಪ ಕೆಟ್ಟರೆ, ನಲ್ಲಿಯಲ್ಲಿ ನೀರು ಬಾರದಿದ್ದರೆ ಕಂದಾಯ ಕಟ್ಟಿಲ್ಲವೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರು ಕೇಳುವ ಧೈರ್ಯ ಆ ರಸೀದಿಯಿಂದ ಬರುತ್ತದೆ.

ಆದರೆ ಜನ ಕೊಡುವ ತೆರಿಗೆಯ ದೊಡ್ಡ ಪಾಲಿಗೆ ಇಂಥ ನೆನಪೇ ಇಲ್ಲ. ತಂಬಾಕು ಮಾರಿದ ದುಡ್ಡಿನಲ್ಲಿ ಮನೆ ಕಟ್ಟಿಸುವ ರಾವಂದೂರಿನ ರೈತನೊಬ್ಬ 100 ರೂಪಾಯಿಯ ಸಿಮೆಂಟಿಗೆ 18 ರೂಪಾಯಿ ಜಿಎಸ್‌ಟಿ ಕೊಡುತ್ತಾನೆ. 2025ರ ಸೆಪ್ಟೆಂಬರ್ 21ರವರೆಗೆ ಅದು 28 ರೂಪಾಯಿ ಇತ್ತು. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಪಂಚಾಯಿತಿಗೆ ನೇರವಾಗಿ ಏನೂ ಇಲ್ಲ. ಒಂದು ಕಾಲದಲ್ಲಿ ಪಟ್ಟಣಗಳಿಗೆ ಸರಕಿನ ಮೇಲೆ ಆಕ್ಟ್ರಾಯ್ ಸುಂಕದ ವರಮಾನವಿತ್ತು. ಕರ್ನಾಟಕ 1979ರಲ್ಲಿ ಅದನ್ನು ರದ್ದು ಮಾಡಿ ಪ್ರವೇಶ ತೆರಿಗೆ ತಂದಿತು. 2017ರ ಜುಲೈ 1ರಂದು ಆ ತೆರಿಗೆಯೂ ಜಿಎಸ್‌ಟಿಯೊಳಗೆ ಸೇರಿಹೋಯಿತು. ದರ ನಿರ್ಧರಿಸುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರ ಮತ್ತು ರಾಜ್ಯಗಳ ಸಚಿವರಿದ್ದಾರೆ. ಪಂಚಾಯಿತಿ, ಪುರಸಭೆಗಳ ಪ್ರತಿನಿಧಿಗಳಿಲ್ಲ.

ಹೀಗೆ ಮೇಲೆ ಹೋದ ಹಣದ ಒಂದು ಪಾಲು ಅನುದಾನವಾಗಿ ಕೆಳಗೆ ಬರುತ್ತದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಮೂಲ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂದು ಕಟ್ಟುಹಾಕಿತು. ತೊಡಕು ಇರುವುದು ಇಲ್ಲಿಯೇ. ತಾನು ಕೊಟ್ಟದ್ದೇ ಮರಳಿ ಬಂದಿದ್ದರೂ ಅದು ಸರ್ಕಾರದ ದುಡ್ಡು ಎಂಬ ಭಾವನೆ ಊರಿನಲ್ಲಿ ಬೇರೂರುತ್ತದೆ. ಸರ್ಕಾರದ ದುಡ್ಡು ಎಂದಾಗ ಚರಂಡಿ ಕಳಪೆಯಾದರೂ ನಮ್ಮ ಗಂಟೇನು ಹೋಯಿತು ಎಂಬ ಮಾತು ಹುಟ್ಟುತ್ತದೆ. ಕೊಟ್ಟವರಿಗೆ ತಿಳಿಯದಂತೆ ಪಡೆದ ಹಣದ ಋಣ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಕೇಳುವವರಿಲ್ಲದ ಕಡೆ ತಾನಾಗಿ ತೋರಿಸುವ ಹೊಣೆ ಹಣ ಹಿಡಿದವರ ಮೇಲೆ ಬೀಳುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಯಾರೂ ಅರ್ಜಿ ಹಾಕದಿದ್ದರೂ ಬಜೆಟ್ ಮತ್ತು ವೆಚ್ಚದ ವಿವರ ಪ್ರಕಟಿಸಬೇಕೆಂದು ಹೇಳುವುದರ ಹಿಂದಿನ ನ್ಯಾಯ ಇದೇ.

ಭೂಮಿಯಿಲ್ಲದ, ಸ್ವಂತ ಮನೆಯಿಲ್ಲದ ಕೂಲಿಯವರಿಗೆ ಲೆಕ್ಕ ಕೇಳುವ ಹಕ್ಕೆಲ್ಲಿದೆ ಎಂಬ ಆಕ್ಷೇಪವೂ ಉಂಟು. ಸೋಪು, ಬಿಸ್ಕತ್ತು ಕೊಳ್ಳುವವರೆಲ್ಲ ತೆರಿಗೆದಾರರೇ ಎಂಬುದು ಇದಕ್ಕೆ ಮೊದಲ ಉತ್ತರ. ಏನನ್ನೂ ಕೊಡದವರಿಗೂ ಆ ಹಕ್ಕಿದೆ ಎಂಬುದು ಇನ್ನೂ ದೊಡ್ಡ ಉತ್ತರ. ಊರಿನ ಹಣ ಕೊಟ್ಟವರ ಷೇರು ಬಂಡವಾಳವಲ್ಲ, ಎಲ್ಲರ ಹಿತಕ್ಕಾಗಿ ಇಟ್ಟ ನಿಧಿ. ಗ್ರಾಮಸಭೆಯಲ್ಲಿ ಕೂರಲು ರಸೀದಿ ಬೇಕಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು.

ಈ ತತ್ತ್ವ ಕಣ್ಣಿಗೆ ಕಾಣುವ ರೂಪ ಪಡೆಯುವುದು ಜಮಾಬಂದಿಯಲ್ಲಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದಿಡಬೇಕು. ನಗದು ಪುಸ್ತಕ, ವೋಚರು, ಅಳತೆ ಪುಸ್ತಕಗಳನ್ನು ಬಿಚ್ಚಿಡುತ್ತಾರೆ. ಆಮೇಲೆ ಕಾಮಗಾರಿ ನಡೆದ ಸ್ಥಳಕ್ಕೇ ಹೋಗಿ ನೋಡುವುದು ಪದ್ಧತಿ. ಪುಸ್ತಕದಲ್ಲಿರುವ ಚರಂಡಿಯ ಉದ್ದ ನೆಲದ ಮೇಲೂ ಅಷ್ಟೇ ಇದೆಯೇ ಎಂದು ಟೇಪು ಹಿಡಿದು ನೋಡಬಹುದು. ಅಧ್ಯಕ್ಷರೂ ಪಿಡಿಒ ಅವರೂ ಕೂಡಿ ಹಾಕಿದ ಸಹಿಗೆ ಅಲ್ಲಿ ಊರೇ ಸಾಕ್ಷಿ. ಹತ್ತೇ ಜನ ಸೇರಿ, ನಡಾವಳಿ ಪುಸ್ತಕಕ್ಕೆ ಸಹಿ ಮಾಡಿ ಎದ್ದುಹೋದರೆ ನಿಯಮ ಪಾಲನೆಯಾಗುತ್ತದೆ, ಋಣ ತೀರುವುದಿಲ್ಲ.

ಆದ್ದರಿಂದ ಲೆಕ್ಕದ ಹೊಣೆಗೆ ಎರಡು ಮುಖಗಳಿವೆ. ಹಣ ಹಿಡಿದವರು ಕೇಳುವ ಮೊದಲೇ ತೋರಿಸಬೇಕು, ಏಕೆಂದರೆ ಅದು ಅವರ ಇಚ್ಛೆಗೆ ಬಿಟ್ಟ ಉಪಕಾರವಲ್ಲ. ಜನರೂ ಬಂದು ನೋಡಬೇಕು, ಕೇಳಬೇಕು, ಏಕೆಂದರೆ ತನ್ನ ಪಾಲನ್ನು ಬಿಟ್ಟುಕೊಟ್ಟವನು ನೆರೆಯವನ ಪಾಲನ್ನೂ ಬಿಟ್ಟುಕೊಟ್ಟಂತೆ. ಕಾನೂನು ಸಭೆ ಕರೆಯಬಲ್ಲದು, ಪುಸ್ತಕ ತೆರೆಸಬಲ್ಲದು. ತೆರೆದ ಪುಟವನ್ನು ಓದುವ ಕೆಲಸ ಊರಿನವರದೇ.