ಪ್ರಶ್ನೆಯ ತಳ

ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಮಾಯೆಯನ್ನು ಕುರಿತ ಕೀರ್ತನೆಯಲ್ಲಿ ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ಯಾವುದು ಯಾವುದರೊಳಗೆ? ಸಕ್ಕರೆ ಮತ್ತು ಅದರ ರುಚಿಯ ಜೋಡಿಯನ್ನು ನಾಲಿಗೆಗೆ ಒಪ್ಪಿಸುತ್ತಾರೆ. ಆಮೇಲೆ ನಾಲಿಗೆಯನ್ನು ಮನಸ್ಸಿನ ಜೊತೆಗಿಟ್ಟು ಅದನ್ನೇ ಕೇಳುತ್ತಾರೆ. ಕೊನೆಗೆ ಆ ಎರಡನ್ನೂ ಹರಿಯ ಮುಂದಿಡುತ್ತಾರೆ. ಒಂದು ಪ್ರಶ್ನೆಯನ್ನು ಅದೇ ಬಗೆಯ ಇನ್ನೊಂದು ಪ್ರಶ್ನೆಗೆ ಒಪ್ಪಿಸುತ್ತ ಹೋಗುವ ಇಂಥ ನಡೆಯನ್ನು ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ರಿಕರ್ಷನ್ ಎನ್ನುತ್ತಾರೆ. ಉದಾಹರಣೆಗೆ, ಸಂಖ್ಯೆಗಳ ಪಟ್ಟಿಯ ಮೊತ್ತವೆಂದರೆ ಮೊದಲ ಸಂಖ್ಯೆಗೆ ಉಳಿದ ಪಟ್ಟಿಯ ಮೊತ್ತವನ್ನು ಕೂಡಿಸುವುದು. ಪಟ್ಟಿ ಬರಿದಾದಾಗ ಉತ್ತರ 0; ಲೆಕ್ಕ ನಿಲ್ಲುವ ಆ ಜಾಗವೇ ಅದರ ತಳ.

ಹರಿಯನ್ನು ತಳದಲ್ಲಿಡುವುದು ಸುಸ್ತಾಗಿ ನಿಂತಂತಲ್ಲವೇ ಎಂಬ ಆಕ್ಷೇಪ ಗಂಭೀರವಾದದ್ದೇ. ಆದರೆ ತಳ ಮನಬಂದಂತೆ ಇಡುವಂಥದ್ದಲ್ಲ. ಕೂಡಿಸುವಾಗ ಅದು 0, ಗುಣಿಸುವಾಗ 1. ಗುಣಾಕಾರಕ್ಕೆ 0 ಇಟ್ಟರೆ ಅಷ್ಟೂ ಲೆಕ್ಕ ಸೊನ್ನೆ. ಒಳಗು-ಹೊರಗಿನ ಪ್ರಶ್ನೆಗೆ ತಳವಾಗಬಲ್ಲದ್ದು, ತನಗೆ ಹೊರಗೆಂಬುದೇ ಇಲ್ಲದ್ದು ಮಾತ್ರ. ಹರಿ ಇದ್ದಾನೆಂದು ಇದು ಸಾಧಿಸುವುದಿಲ್ಲ, ನಿಜ. ಪ್ರಶ್ನೆ ಎಂಥ ಉತ್ತರವನ್ನು ಬೇಡುತ್ತದೆಂದು ತೋರಿಸುತ್ತದೆ, ನನಗೆ ಅದೇ ದೊಡ್ಡದು. ತಳವೇ ಯಾಕೆ ಬೇಕು, ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೊನೆಯಿಲ್ಲದ ಪಟ್ಟಿಗಳಿವೆಯಲ್ಲ ಎನ್ನಬಹುದು. ನಮ್ಮ ತಾರ್ಕಿಕರೂ ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ ಎಂದು ಕೊನೆಯಿಲ್ಲದೆ ಸಾಗುವ ಬೀಜಾಂಕುರ ನ್ಯಾಯವನ್ನು ಒಪ್ಪಿದವರೇ. ಆದರೆ ಅಲ್ಲಿ ಪ್ರತಿ ಹೆಜ್ಜೆಗೂ ಏನೋ ಕೈಗೆ ಸಿಗುತ್ತದೆ: ಒಂದು ಸಂಖ್ಯೆ, ಒಂದು ಮೊಳಕೆ. ಸಕ್ಕರೆಯನ್ನು ಸವಿಯಿಂದಲೂ ಸವಿಯನ್ನು ಸಕ್ಕರೆಯಿಂದಲೂ ವಿವರಿಸಹೊರಟರೆ ಏನೂ ಸಿಗದು. ಅದು ಅನ್ಯೋನ್ಯಾಶ್ರಯ ದೋಷ. ಆ ಸುತ್ತು ಮುರಿಯುವುದು ಸಕ್ಕರೆ ನಾಲಿಗೆಯ ಮೇಲೆ ಕರಗಿದಾಗ.