ಕಡ್ಡಿಯಿಂದ ಜಾರಿದ ಕುಣಿಕೆ

(ಧ್ಯಾನಕ್ಕೆ: ಗಲಾತ್ಯದವರಿಗೆ 6ನೆಯ ಅಧ್ಯಾಯ, 1ನೆಯ ವಚನ, ಯೋಹಾನ 21ನೆಯ ಅಧ್ಯಾಯ, 15ರಿಂದ 17ನೆಯ ವಚನಗಳು)



ನಮ್ಮ ಹಳ್ಳಿಗಳವರು ಕಂಬಳಿಯನ್ನು ಚೆನ್ನಾಗಿ ಬಲ್ಲರು. ಕುರುಬರ ಮಗ್ಗದಲ್ಲಿ ಹಾಸಿನ ನೂಲು ಉದ್ದಕ್ಕೂ ಹೊಕ್ಕಿನ ನೂಲು ಅಡ್ಡಕ್ಕೂ ನಡೆದು ಕಂಬಳಿಯಾಗುತ್ತದೆ. ಉಣ್ಣೆಯ ಕೈಹೆಣಿಗೆಯ ರೀತಿಯಾದರೋ ಬೇರೆ. ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಎರಡು ಕಡ್ಡಿಗಳೂ ಒಂದೇ ನೂಲೂ ಸಾಕು. ಆ ನೂಲು ಕುಣಿಕೆಯಾಗಿ, ಒಂದು ಕುಣಿಕೆಯೊಳಗಿಂದ ಮತ್ತೊಂದು ಹೊರಟು, ಸಾಲಿನ ಮೇಲೆ ಸಾಲು ಬೆಳೆದು ವಸ್ತ್ರವಾಗುತ್ತದೆ. ಪ್ರತಿಯೊಂದು ಕುಣಿಕೆಯು ಕೆಳಗಿನದನ್ನು ಹಿಡಿದಿರುತ್ತದೆ. ತಾನೂ ಮೇಲಿನದರಿಂದ ಹಿಡಿಯಲ್ಪಟ್ಟಿರುತ್ತದೆ. ಕ್ರಿಸ್ತನ ಸಭೆಯೂ ಹೀಗೆಯೇ ಅಲ್ಲವೇ?

ಹೆಣಿಗೆಯನ್ನು ಹೊಸದಾಗಿ ಕಲಿಯುವ ಒಬ್ಬ ಹುಡುಗಿಯನ್ನು ನೋಡಿರಿ. ಕಡ್ಡಿಯ ಮೇಲೆ 20 ಕುಣಿಕೆಗಳನ್ನು ಹಾಕಿಕೊಂಡು ಆರಂಭಿಸುತ್ತಾಳೆ. ಎಲ್ಲಿ ಜಾರೀತೋ ಎಂಬ ಭಯದಿಂದ ನೂಲನ್ನು ಬಿಗಿಯಾಗಿ ಎಳೆಯುತ್ತಾಳೆ. ಆ ಬಿಗಿತದಿಂದಲೇ ಮುಂದಿನ ಸಾಲಿನಲ್ಲಿ ಕಡ್ಡಿಯು ಒಳಗೆ ಹೋಗದು. ಸಾಲಿನ ಮೊದಲಲ್ಲಿ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಬಿದ್ದರೆ ಒಂದು ಕುಣಿಕೆಯು ಎರಡರಂತೆ ಕಾಣುತ್ತದೆ. ಅವೆರಡನ್ನೂ ಹೆಣೆದುಬಿಟ್ಟರೆ 20 ಇದ್ದದ್ದು 21 ಆಗುತ್ತದೆ. ಬಲ್ಲವಳಾದ ಹೆಂಗಸು ಇದಕ್ಕಾಗಿ ಅವಳನ್ನು ಗದರಿಸುವದಿಲ್ಲ. ಕುಣಿಕೆಗಳು ಕಣ್ಣಿಗೆ ಕಾಣುವಂತೆ ತಿಳಿಬಣ್ಣದ ದಪ್ಪ ನೂಲನ್ನೇ ಕೊಡುತ್ತಾಳೆ. ಪ್ರತಿ ಸಾಲು ಮುಗಿದಾಗಲೂ ಎಣಿಸಲು ಹೇಳುತ್ತಾಳೆ. ಒಂದೇ ವಿಧವಾದ ಹೆಣಿಗೆಯನ್ನು ಅನೇಕ ಸಾಲುಗಳ ವರೆಗೆ ಮಾಡಿಸುತ್ತಾಳೆ. ಮೊದಲನೆಯ ದಿವಸದಲ್ಲಿಯೇ ಕೂಸಿನ ಕುಲಾವಿಯನ್ನು ಕೇಳುವದಿಲ್ಲ. ಹೊಸದಾಗಿ ದೀಕ್ಷಾಸ್ನಾನ ಹೊಂದಿದವರನ್ನು ನಡಿಸುವವರು ಇದನ್ನು ಮನಸ್ಸಿನಲ್ಲಿಡಲಿ. ಭಯದಿಂದ ಬಿಗಿಯಾದ ಮನಸ್ಸಿನೊಳಗೆ ಉಪದೇಶವು ಪ್ರವೇಶಿಸಲಾರದು.

ಆದರೂ ಒಂದು ದಿವಸ ಒಂದು ಕುಣಿಕೆ ಕಡ್ಡಿಯಿಂದ ಜಾರುತ್ತದೆ. ಮೊದಲು ಅದು ಸಣ್ಣ ತೂತು ಮಾತ್ರ. ವಸ್ತ್ರವನ್ನು ಎಳೆದಾಡಿದರೆ ಅದು ಒಂದೊಂದೇ ಸಾಲು ಕೆಳಕ್ಕೆ ಇಳಿದು, ಏಣಿಯಂತೆ ಉದ್ದವಾದ ಸೀಳಾಗುತ್ತದೆ. ಹುಡುಗಿಯು ನಾಚಿ ಅದನ್ನು ಮರೆಮಾಡಿ ಮುಂದೆ ಹೆಣೆಯುತ್ತಾಳೆ, ಇಲ್ಲವೆ ಅಳುತ್ತಾ ಎಲ್ಲವನ್ನೂ ಬಿಸಾಡಲು ನೋಡುತ್ತಾಳೆ. ಬಲ್ಲವಳು ಏನು ಮಾಡುತ್ತಾಳೆ? ಕೂಡಲೆ ಕೈಯನ್ನು ನಿಲ್ಲಿಸುತ್ತಾಳೆ. ಎಳೆಯದೆ ವಸ್ತ್ರವನ್ನು ಮೆಲ್ಲಗೆ ಹರಡುತ್ತಾಳೆ. ಎಲ್ಲಕ್ಕೂ ಕೆಳಗೆ ಬಿದ್ದಿರುವ ಕುಣಿಕೆಗೆ ಸಣ್ಣ ಕೊಕ್ಕೆಯನ್ನು ಹಾಕಿ, ಅದರ ಮೇಲಿರುವ ಅಡ್ಡ ಎಳೆಯನ್ನು ಅದರೊಳಗಿಂದ ಸೆಳೆದು, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ತಿರಿಗಿ ಕಡ್ಡಿಗೆ ಸೇರಿಸುತ್ತಾಳೆ. ಕತ್ತರಿಯೂ ಬೇಕಿಲ್ಲ, ಹೊಸ ನೂಲೂ ಬೇಕಿಲ್ಲ.

ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಸಾತ್ವಿಕ ಮನಸ್ಸಿನಿಂದ ಯಥಾಸ್ಥಾನಕ್ಕೆ ತರಬೇಕೆಂದು ಅಪೊಸ್ತಲನಾದ ಪೌಲನು ಗಲಾತ್ಯದ ಸಭೆಗಳಿಗೆ ಬರೆದನು. ಅಲ್ಲಿ ಅವನು ಉಪಯೋಗಿಸಿದ ಗ್ರೀಕ್ ಮಾತು, ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ದೋಣಿಯಲ್ಲಿ ಬಲೆಗಳನ್ನು ಸರಿಮಾಡುತ್ತಿದ್ದರೆಂದು ಸುವಾರ್ತೆಯಲ್ಲಿ ಹೇಳಿರುವಲ್ಲಿ ಬರುವ ಮಾತೇ ಆಗಿದೆ. ಒಂದು ಕಣ್ಣು ಹರಿಯಿತೆಂದು ಬೆಸ್ತನು ಬಲೆಯನ್ನು ಬಿಸಾಡುವನೋ?

ಕರ್ತನು ಪೇತ್ರನಿಗೆ ಮಾಡಿದ್ದನ್ನು ಯೋಚಿಸಿರಿ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಯ ಬಳಿಯಲ್ಲಿ ಪೇತ್ರನು ಜಾರಿದನು. ಮೂರು ಸಾರಿ ತನ್ನ ಗುರುವನ್ನು ಅರಿಯೆನೆಂದನು. ಎದ್ದುಬಂದ ಕರ್ತನು ಸಮುದ್ರತೀರದಲ್ಲಿ ಅವನನ್ನು ಕರೆದಾಗ ಅಲ್ಲಿಯೂ ಇದ್ದಲಿನ ಬೆಂಕಿ ಇತ್ತು. ಕರ್ತನು ಗದರಿಸಲಿಲ್ಲ, ತಪ್ಪನ್ನು ಮರೆಮಾಡಲೂ ಇಲ್ಲ. ಅವನು ಬಿದ್ದಲ್ಲಿಗೇ ಇಳಿದು, ಮೂರು ಸಾರಿ ಜಾರಿದವನನ್ನು ತನ್ನ ಮೇಲೆ ಪ್ರೀತಿಯುಂಟೋ ಎಂದು ಮೂರು ಸಾರಿ ಕೇಳಿ ಮೇಲಕ್ಕೆ ತಂದನು. ಒಂದೊಂದು ಮೆಟ್ಟಿಲಿಗೂ ತನ್ನ ಕುರಿಗಳನ್ನು ಅವನಿಗೆ ಒಪ್ಪಿಸಿದನು.

ಪ್ರಿಯರೇ, ನಿಮ್ಮ ಪ್ರಾರ್ಥನಾಮಂದಿರದಲ್ಲಿ ಯಾರ ಸ್ಥಳವು ಬರಿದಾಗಿದೆ? ಒಬ್ಬನು ಜಾತ್ರೆಯ ದಿವಸ ಜೊತೆಗಾರರ ಒತ್ತಾಯದಿಂದ ಹೆಂಡದಂಗಡಿಗೆ ಹೋಗಿರಬಹುದು. ಒಬ್ಬಳು ಮಗುವಿನ ಜ್ವರಕ್ಕೆ ಹೆದರಿ ಹಳೆಯ ಹರಕೆಯನ್ನು ತೀರಿಸಿರಬಹುದು. ಮೊದಲನೆಯ ಭಾನುವಾರ ನಾಚಿಕೆಯಿಂದ ಬರಲಿಲ್ಲ. ಎರಡನೆಯ ಭಾನುವಾರ ಯಾರೂ ಕರೆಯಲಿಲ್ಲವೆಂದು ಬರಲಿಲ್ಲ. ನಾವಾದರೋ ಬಾವಿಯ ಕಟ್ಟೆಯಲ್ಲಿಯೂ ಕಣದಲ್ಲಿಯೂ ಅವರ ಸಂಗತಿಯನ್ನೇ ಮಾತಾಡುತ್ತೇವೆ. ಅಯ್ಯೋ, ಇದೇ ವಸ್ತ್ರವನ್ನು ಎಳೆದಾಡುವದು! ಜಾರಿದ್ದು ಒಬ್ಬನೇ, ಎಳೆದಾಟದಿಂದ ಅವನ ಹೆಂಡತಿಯೂ ಮಕ್ಕಳೂ ಸಾಲುಸಾಲಾಗಿ ಬಿಚ್ಚಿಹೋಗುತ್ತಾರೆ. ಸಭೆಯ ಹಿರಿಯರೇ, ತಿಂಗಳ ಕೂಟಕ್ಕಾಗಿ ಕಾಯಬೇಡಿರಿ. ಈ ವಾರವೇ ಆ ಮನೆಗೆ ಹೋಗಿ ಕೂತುಕೊಳ್ಳಿರಿ. ಹೋಗುವವನು ತಾನೂ ಶೋಧನೆಗೆ ಒಳಗಾಗದಂತೆ ನೋಡಿಕೊಳ್ಳಬೇಕೆಂದು ಪೌಲನು ಎಚ್ಚರಿಸುತ್ತಾನೆ. ಯಾಕಂದರೆ ನಾವೆಲ್ಲರೂ ಅದೇ ನೂಲಿನ ಕುಣಿಕೆಗಳು.

ಜಾರಿ ದೂರವಾಗಿರುವವನೇ, ನಿನಗೂ ಒಂದು ಮಾತುಂಟು. ಕೆಲವೊಮ್ಮೆ ಹೆಣಿಗೆಯನ್ನೆಲ್ಲಾ ಬಿಚ್ಚಬೇಕಾಗುತ್ತದೆ. ಬಿಚ್ಚಿದ ಉಣ್ಣೆಯ ನೂಲು ಹಳೆಯ ಕುಣಿಕೆಗಳ ಗುರುತಿನಿಂದ ಸುರುಳಿಸುರುಳಿಯಾಗಿ ನಿಂತಿರುತ್ತದೆ. ಬಲ್ಲವಳು ಅದನ್ನು ಲಡಿಯಾಗಿ ಸುತ್ತಿ, ನೀರಿನಲ್ಲಿ ನೆನಸಿ, ತೂಗಹಾಕುತ್ತಾಳೆ. ಒಣಗುವಷ್ಟರಲ್ಲಿ ಡೊಂಕು ಕಡಿಮೆಯಾಗಿ ನೂಲು ನೆಟ್ಟಗಾಗುತ್ತದೆ. ತಿರಿಗಿ ಅದೇ ನೂಲಿನಿಂದ ವಸ್ತ್ರವಾಗುತ್ತದೆ. ನಿನ್ನ ಪಶ್ಚಾತ್ತಾಪದ ಕಣ್ಣೀರನ್ನು ಕಂಡು ಕರ್ತನು ನಿನ್ನನ್ನು ಬಿಸಾಡುವನೆಂದು ನೆನಸಬೇಡ. ನಿನ್ನನ್ನು ಕೊಂಡುಕೊಳ್ಳುವದಕ್ಕೆ ಆತನು ತನ್ನ ರಕ್ತವನ್ನೇ ಸುರಿಸಿದ್ದಾನೆ. ಎದ್ದು ಬಾ.

ಕರ್ತನೇ, ಕಲಿಯುವವರಾದ ನಮ್ಮನ್ನು ತಾಳಿಕೊಂಡಿದ್ದೀ. ನಾವೂ ಒಬ್ಬರನ್ನೊಬ್ಬರು ತಾಳಿಕೊಳ್ಳುವಂತೆ ಕೃಪೆಮಾಡು. ಜಾರಿದವರ ಬಳಿಗೆ ತಡಮಾಡದೆ ಹೋಗುವ ಕಾಲನ್ನೂ, ಎಳೆಯದೆ ಎತ್ತುವ ಕೈಯನ್ನೂ ನಮಗೆ ದಯಪಾಲಿಸು. ಆಮೆನ್.