ಇನ್ನೊಬ್ಬಳು

ಒಮ್ಮೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. 'ರಾಣಿ ಚೆನ್ನಮ್ಮನ ಕುರಿತು ಟಿಪ್ಪಣಿ ಬರೆಯಿರಿ' ಎಂದು ನಾನೇ ಪ್ರಶ್ನೆ ಹಾಕಿದ್ದೆ. ಒಬ್ಬ ಹುಡುಗಿ ಬರೆದಿದ್ದಳು: ಚೆನ್ನಮ್ಮ ಕಾಳುಮೆಣಸಿನ ವ್ಯಾಪಾರ ಮಾಡುತ್ತಿದ್ದಳು, ಮಿರ್ಜಾನದಲ್ಲಿ ಕೋಟೆ ಕಟ್ಟಿಸಿದಳು, ಶಿವಾಜಿಯ ಮಗನಿಗೆ ಆಶ್ರಯ ಕೊಟ್ಟಳು, ಥ್ಯಾಕರೆಯ ಸೈನ್ಯವನ್ನು ಸೋಲಿಸಿದಳು. ಓದಿ ನಗು ಬಂತು. ಈ ಲೆಕ್ಕದಲ್ಲಿ ಆ ಮಹಾತಾಯಿ 270 ವರ್ಷವಾದರೂ ಬದುಕಿರಬೇಕು! ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ.

ಮುಂದಿನ ಪತ್ರಿಕೆ ಕೈಗೆತ್ತಿಕೊಂಡರೂ ಮನಸ್ಸು ಹಿಂದಿನದರಲ್ಲೇ ಉಳಿಯಿತು. ಯಾವ ಚೆನ್ನಮ್ಮ ಎಂದು ನಾನು ಕೇಳಿಯೇ ಇರಲಿಲ್ಲವಲ್ಲ! ಕಿತ್ತೂರಿನವಳೇ ಎಂದು ನನ್ನ ಮನಸ್ಸಿನಲ್ಲಿತ್ತು. ಹಾಗಾದರೆ ಉಳಿದವರು ಯಾರ ಮನಸ್ಸಿನಲ್ಲಿದ್ದಾರೆ?

ಕಿತ್ತೂರ ಚೆನ್ನಮ್ಮ 1824ರ ಅಕ್ಟೋಬರಿನಲ್ಲಿ ಕುಂಪಣಿ ಸರ್ಕಾರವನ್ನು ಎದುರಿಸಿದವಳು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಕಾಳಗದಲ್ಲೇ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಸೆರೆಸಿಕ್ಕ ರಾಣಿ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ತೀರಿಕೊಂಡಳು. 1961ರಲ್ಲಿ ಬಿ. ಸರೋಜಾದೇವಿ ಆ ಪಾತ್ರ ಮಾಡಿದ ಸಿನಿಮಾ ಬಂದ ಮೇಲಂತೂ ಚೆನ್ನಮ್ಮ ಎಂದರೆ ಅವಳೇ ಎಂದಾಯಿತು.

ಕೆಳದಿಯ ಚೆನ್ನಮ್ಮ ಅವಳಿಗಿಂತ ಒಂದೂವರೆ ಶತಮಾನ ಹಿಂದಿನವಳು. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ 1672ರಿಂದ ಸುಮಾರು 25 ವರ್ಷ ರಾಜ್ಯವಾಳಿದಳು. ಔರಂಗಜೇಬನಿಗೆ ತಲೆಮರೆಸಿಕೊಂಡು ಜಿಂಜಿಯ ಕಡೆ ಹೊರಟಿದ್ದ ರಾಜಾರಾಮನನ್ನು ಕಾಪಾಡಿದವಳು ಇವಳು. ಮೊಗಲರ ದಂಡು ಬರುತ್ತದೆಂದು ಗೊತ್ತಿದ್ದೂ ಕಾಪಾಡಿದಳು. ಇದು ಕತ್ತಿ ಹಿಡಿದು ಹೋರಾಡಿದ ಧೈರ್ಯಕ್ಕಿಂತ ಬೇರೆ ಬಗೆಯದು. ಬಾಗಿಲಿಗೆ ಬಂದವನನ್ನು ಹೊರಗೆ ಹಾಕದ ಧೈರ್ಯ.

ಇನ್ನು ನಮ್ಮವಳು, ಚೆನ್ನಭೈರಾದೇವಿ. 1552ರಿಂದ 54 ವರ್ಷ ಈ ಕರಾವಳಿಯನ್ನಾಳಿದವಳು. ಪೋರ್ಚುಗೀಸರೇ 'ಕಾಳುಮೆಣಸಿನ ರಾಣಿ' ಎಂದು ಕರೆದರು. ಅವಳ ಗೇರುಸೊಪ್ಪೆ ಹೊನ್ನಾವರ ತಾಲೂಕಿನಲ್ಲಿದೆ, ಹಾಡುವಳ್ಳಿ ಭಟ್ಕಳದಲ್ಲಿ, ಅವಳು ಕಟ್ಟಿಸಿದಳೆಂದು ಜನ ಹೇಳುವ ಮಿರ್ಜಾನ ಕೋಟೆ ಕುಮಟೆಯಲ್ಲಿ. ನಾವು ಮೂರು ತಾಲೂಕಿನವರು ಬಸ್ಸಿನಲ್ಲಿ ಓಡಾಡುವ ನೆಲವೆಲ್ಲ ಅವಳದೇ. ಗೇರುಸೊಪ್ಪೆಯ ಕಾಡಿನೊಳಗಿನ ಚತುರ್ಮುಖ ಬಸದಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ, "ಇಷ್ಟು ಹತ್ತಿರ ರಾಣಿ ಇದ್ದಳಾ ಅಕ್ಕೋರೆ?" ಎಂದು ಕೇಳಿದ್ದರು. ರಾಣಿ ಎಂದರೆ ದೂರದ ಊರಿನಲ್ಲೇ ಇರಬೇಕೆಂದು ಅವರ ಲೆಕ್ಕ.

ಅವಳಿಗಿಂತ ಮೊದಲು ಚೆನ್ನಾದೇವಿ ಎಂಬ ಇನ್ನೊಬ್ಬಳಿದ್ದಳು. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟಾಗ ಆ ಪೆಟ್ಟು ತಿಂದವಳು ಅವಳು. ಓದಿದವರೂ ಈ ಇಬ್ಬರನ್ನು ಒಬ್ಬಳೇ ಎಂದುಕೊಳ್ಳುವುದುಂಟು.

ಹೆಸರು ಬೆರೆತರೆ ಆಗುವ ನಷ್ಟವೇನು ಎಂದು ಕೇಳಬಹುದು. ಒಂದು ಉದಾಹರಣೆ ಹೇಳುತ್ತೇನೆ. ಚೆನ್ನಭೈರಾದೇವಿಯನ್ನು ಸೋಲಿಸಿ ಸೆರೆಹಿಡಿದವರು ಕೆಳದಿಯ ಅರಸರು. ಅದೇ ಕೆಳದಿಯ ಸಿಂಹಾಸನವನ್ನು ಮುಂದೆ ಕಾಪಾಡಿದವಳು ಕೆಳದಿಯ ಚೆನ್ನಮ್ಮ. ಒಬ್ಬ ಚೆನ್ನೆಯನ್ನು ಸೆರೆಯಲ್ಲಿಟ್ಟ ಮನೆತನಕ್ಕೆ ಇನ್ನೊಬ್ಬ ಚೆನ್ನೆ ಆಸರೆಯಾದಳು. ಇಬ್ಬರನ್ನೂ ಕಲಸಿ ಒಂದೇ ಮುದ್ದೆ ಮಾಡಿದರೆ ಸೆರೆಯಾದವಳ ದುಃಖವೂ ಇಲ್ಲ, ಆಳಿದವಳ ಹೊಣೆಯೂ ಇಲ್ಲ. 'ವೀರವನಿತೆ' ಎಂಬ ಒಂದು ಮಾತು ಮಾತ್ರ ಉಳಿಯುತ್ತದೆ.

ಒಂದೇ ಹೆಸರನ್ನು ಹಲವರು ಹಂಚಿಕೊಳ್ಳುವುದೇ ತಪ್ಪೇ? ಖಂಡಿತ ಅಲ್ಲ. ಎಂಟನೆಯ ಶತಮಾನದಲ್ಲಿ ಅಕಲಂಕ ಎಂಬ ದೊಡ್ಡ ಜೈನ ತಾರ್ಕಿಕನಿದ್ದ. ಆ ಹೆಸರು ನಮ್ಮ ಹಾಡುವಳ್ಳಿಯ ಮಠದ ಗುರುವಿಗೂ ಬಂತು, ಅವರ ಶಿಷ್ಯ ಭಟ್ಟಾಕಳಂಕನಿಗೂ ಬಂತು. ಚೆನ್ನಭೈರಾದೇವಿಯ ಆಳ್ವಿಕೆಯ ಕೊನೆಗಾಲದಲ್ಲಿ, 1604ರಲ್ಲಿ, ಈ ಶಿಷ್ಯ 'ಶಬ್ದಾನುಶಾಸನ' ಬರೆದ. 592 ಸಂಸ್ಕೃತ ಸೂತ್ರಗಳಲ್ಲಿ ಬರೆದದ್ದು ಕನ್ನಡದ ವ್ಯಾಕರಣ! ಕನ್ನಡ ಶಾಸ್ತ್ರಕ್ಕೆ ಯೋಗ್ಯವಾದ ಭಾಷೆಯೇ ಅಲ್ಲ ಎನ್ನುವ ಪಂಡಿತರಿಗೆ ಅವರ ಭಾಷೆಯಲ್ಲೇ ಉತ್ತರ ಕೊಟ್ಟ. ಭಟ್ಕಳಕ್ಕೆ ಆ ಹೆಸರು ಬಂದದ್ದೇ ಅವನಿಂದ ಎಂದು ನಂಬುವವರಿದ್ದಾರೆ. ಹೆಸರು ಹಳೆಯದು, ಕೆಲಸ ಹೊಸದು. ಒಬ್ಬ ತರ್ಕದವನು, ಒಬ್ಬ ವ್ಯಾಕರಣದವನು ಎಂದು ಓದುಗರು ಬೇರೆ ಬೇರೆಯಾಗಿಯೇ ನೆನೆಯುತ್ತಾರೆ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದ ಹಾಗೆ, ಎರಡೂ ಉರಿಯುತ್ತವೆ. ನಮ್ಮ ಕಡೆ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದೂ ಇದೇ ಆಸೆಯಿಂದಲ್ಲವೇ?

ಹೆಸರನ್ನು ಹಂಚಿಕೊಳ್ಳುವುದು ಒಂದು, ಒಬ್ಬಳ ಹೆಸರಿನಲ್ಲಿ ಇನ್ನೊಬ್ಬಳನ್ನು ಮುಳುಗಿಸುವುದು ಇನ್ನೊಂದು. ಈ ಎರಡನೆಯದನ್ನು ನಾನೇ ಮಾಡಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಕೇರಿಗೊಂದು ಸಿಗುವ ಹೆಸರು. ಒಬ್ಬಳು ಶಾನುಭೋಗರ ಮನೆಯವಳು, ಓದಿನಲ್ಲಿ ಮುಂದು. ಮತ್ತೊಬ್ಬಳು ಹೊಳೆಯಾಚೆಯಿಂದ ದೋಣಿಯಲ್ಲಿ ಬರುತ್ತಿದ್ದಳು, ಹಿಂದಿನ ಮಣೆಯಲ್ಲಿ ಕೂರುತ್ತಿದ್ದಳು. ಮೊದಲನೆಯವಳನ್ನು ಹೆಸರಿನಿಂದಲೇ ಕರೆಯುತ್ತಿದ್ದೆ. ಎರಡನೆಯವಳು ತಲೆಯೆತ್ತಿದರೆ, "ನೀನಲ್ಲ ಮಾರಾಯ್ತಿ, ಅವಳು" ಎನ್ನುತ್ತಿದ್ದೆ. ಅವಳೇ ಬೇಕಾದಾಗ "ಇನ್ನೊಬ್ಬಳು ಎಲ್ಲಿ?" ಎಂದು ಕೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದ್ದರಿಂದ ಅದು ತಮಾಷೆ ಎಂದೇ ನನ್ನ ತಿಳುವಳಿಕೆ.

ಇಪ್ಪತ್ತು ವರ್ಷಗಳ ಮೇಲೆ ಕುಮಟೆಯ ಬಸ್ ನಿಲ್ದಾಣದಲ್ಲಿ ಒಬ್ಬಳು ಹತ್ತಿರ ಬಂದು ಕೈಯಲ್ಲಿದ್ದ ಚೀಲ ಕೆಳಗಿಟ್ಟು ಕಾಲು ಮುಟ್ಟಿದಳು. ಜೊತೆಯಲ್ಲಿ ಶಾಲೆಗೆ ಹೋಗುವ ಮಗಳು. ನನಗೆ ಗುರುತು ಹತ್ತಲಿಲ್ಲ.

"ಅಕ್ಕೋರೆ, ನಾನು ಆ ಇನ್ನೊಬ್ಬಳು" ಎಂದಳು, ನಗುತ್ತಲೇ.

ಅವಳ ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ಮಗಳೆದುರಿಗೆ ತನ್ನ ಗುರುತು ಹೇಳಿಕೊಳ್ಳಲು ಅವಳ ಬಳಿ ನಾನು ಕೊಟ್ಟದ್ದು ಇದೊಂದೇ ಇತ್ತು. ಭಟ್ಕಳದ ಬಸ್ ಬಂತು, ಹತ್ತಿ ಹೋದಳು. ಅವಳನ್ನು ಹೆಸರು ಹಿಡಿದು ಕರೆಯಬೇಕೆಂದು ಹೊಳೆದದ್ದು ಬಸ್ಸು ಹೋದ ಮೇಲೆ.

ಈ ಮಾತನ್ನು ನಮ್ಮ ಅತ್ತೆಯವರ ಮುಂದೆ ಹೇಳಿದಾಗ, "ಹೆಸರಲ್ಲಿ ಎಂತ ಇದೆ? ದೇಹಕ್ಕೆ ಕಟ್ಟಿದ ಚೀಟಿ ಅದು. ಗುಣ ನೋಡಬೇಕು" ಎಂದರು. ನಾಮ ರೂಪ ಎರಡೂ ನಿಲ್ಲುವಂಥದ್ದಲ್ಲವೆಂದು ಹಿರಿಯರು ಹೇಳಿಲ್ಲವೇ? ಒಪ್ಪುತ್ತೇನೆ. ಆದರೆ ಈ ವೈರಾಗ್ಯವನ್ನು ಹೆಂಗಸರಿಂದ ಬಹಳ ಸುಲಭವಾಗಿ ಕೇಳುತ್ತೇವೆ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಬರೆದು, ನಾಳೆಯಿಂದ ಇವಳು ಇಂಥವಳು ಎಂದದ್ದು ಎಷ್ಟು ಮನೆಗಳಲ್ಲಿ! ನನಗೂ ಆಯಿತು. ನನ್ನ ಬಿ.ಎ. ಪದವಿಪತ್ರದಲ್ಲಿರುವವಳು ಬೇರೆ, ರೇಷನ್ ಕಾರ್ಡಿನಲ್ಲಿರುವವಳು ಬೇರೆ. ಇಬ್ಬರೂ ನಾನೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ಅಲ್ಲಿ ನಾಲ್ವರು ರಾಣಿಯರಿಗೆ ಒಂದು ಹೆಸರು ಸಾಕು, ಇಲ್ಲಿ ಒಬ್ಬಳಿಗೆ ಎರಡು ಬೇಕು. ಹೆಸರು ಮುಖ್ಯವಲ್ಲ ಎನ್ನುವ ಮಾತು ಹೆಸರನ್ನು ಗಳಿಸಿ ಬಿಟ್ಟವರ ಬಾಯಲ್ಲಿ ಚೆಂದ; ಕಳೆದುಕೊಂಡವರಿಗೆ ನಾವು ಹೇಳಬಾರದು.

ಹೆಸರು ಯಾರೊಬ್ಬರ ಆಸ್ತಿಯೂ ಅಲ್ಲ, ನಿಜ. ಕರೆಯುವವರಿಗೆ ಮಾತ್ರ ಒಂದು ಜವಾಬ್ದಾರಿ ಇದೆ. ಕರೆದಾಗ ಯಾರನ್ನು ಕರೆಯುತ್ತಿದ್ದೇವೆಂದು ನಮಗೆ ಗೊತ್ತಿರಬೇಕು. ಆಕೆಯ ಊರು, ಆಕೆ ಮಾಡಿದ ಕೆಲಸ, ಆಕೆ ಪಟ್ಟ ಪಾಡು ಹೆಸರಿನ ಜೊತೆಗೆ ಬರಬೇಕು. ಅಷ್ಟು ಮಾಡಿದರೆ ಒಂದು ಹೆಸರಿನಲ್ಲಿ ನೂರು ಜನಕ್ಕೂ ಜಾಗವಿದೆ.

ಮರುದಿನ ಸೊನ್ನೆ ಪಡೆದ ಹುಡುಗಿಯನ್ನು ಕರೆದು, ಬೋರ್ಡಿನ ಮೇಲೆ ಕಿತ್ತೂರು, ಕೆಳದಿ, ಗೇರುಸೊಪ್ಪೆ ಎಂದು ಮೂರು ಗೆರೆ ಹಾಕಿದೆ. ಅವಳು ಬರೆದದ್ದನ್ನೆಲ್ಲ ಆಯಾ ಊರಿನ ಕೆಳಗೆ ಅವಳಿಂದಲೇ ಬರೆಸಿದೆ. ಒಂದೂ ಸುಳ್ಳಾಗಿರಲಿಲ್ಲ. "ನೋಡು, ಮೂವರ ಕೆಲಸ ಒಬ್ಬಳಿಗೇ ಕೊಟ್ಟಿದ್ದೀಯಲ್ಲ" ಎಂದೆ.

ಅವಳು ಬೋರ್ಡನ್ನೇ ನೋಡುತ್ತ ನಿಧಾನವಾಗಿ ಹೇಳಿದಳು: "ಹಂಗಾರೆ ಮೂರು ಪ್ರಶ್ನೆ ಕೊಡಬೇಕಿತ್ತಲ್ಲ ಅಕ್ಕೋರೆ?"

ಕೊಡಬೇಕಿತ್ತು. ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಹಾಕಿದೆ.